ಅಡಕಗಳು ತಪ್ಪಿದ ಕಡತ

ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮ್ಮಂಥವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಡತಕ್ಕೆ ಎರಡು ಭಾಗ: ಒಂದು ಟಿಪ್ಪಣಿ, ಇನ್ನೊಂದು ಪತ್ರವ್ಯವಹಾರ. ಟಿಪ್ಪಣಿಯಲ್ಲಿ ‘ದಯವಿಟ್ಟು ಪುಟ 47ನ್ನು ನೋಡುವುದು’ ಎಂದು ಬರೆದಿರುತ್ತದೆ. ಆ 47ನೆಯ ಪುಟ ತನ್ನ ಜಾಗದಲ್ಲಿದ್ದರೆ ಮಾತ್ರ ಟಿಪ್ಪಣಿಗೆ ಬೆಲೆ. ಯಾರೋ ಪುಣ್ಯಾತ್ಮರು ‘ಒಪ್ಪವಾಗಿರಲಿ’ ಎಂದು ಹಾಳೆಗಳನ್ನೆಲ್ಲ ಬಿಚ್ಚಿ ಬೇರೆ ಕಟ್ಟು ಕಟ್ಟಿದರೆ, ಒಂದು ಹಾಳೆಯೂ ಕಳೆಯದಿದ್ದರೂ ಕಡತ ಸತ್ತಂತೆಯೇ.

ಕಂಪ್ಯೂಟರಿನಲ್ಲಿ ವಿಡಿಯೋ ಸಂಕಲನ ಮಾಡುವ ಕೆಲಸಕ್ಕೂ ಈ ಮಾತು ಚೆನ್ನಾಗಿ ಒಪ್ಪುತ್ತದೆ. ರಾಜ್ಯೋತ್ಸವ, ಮಕ್ಕಳ ನಾಟಕ, ಹಿರಿಯರ ಷಷ್ಟ್ಯಬ್ದಿ ಎಂದು ಎಲ್ಲವನ್ನೂ ಹಿಡಿದಿಡುವ ಉತ್ಸಾಹಿಗಳು ನಮ್ಮ ಸಂಘಗಳಲ್ಲಿ ಕಡಮೆಯಿಲ್ಲ. ಅವರು ಕತ್ತರಿಸಿ ಜೋಡಿಸುತ್ತಿರುವಾಗ ಕಂಪ್ಯೂಟರು ‘ಪ್ರಾಜೆಕ್ಟ್’ ಎಂಬ ಒಂದು ಫೈಲನ್ನು ಬರೆದುಕೊಳ್ಳುತ್ತದೆ. ವಿಡಿಯೋ ಎಲ್ಲ ಅದರೊಳಗೇ ಇದೆಯೆಂದು ಹಲವರು ನಂಬಿರುತ್ತಾರೆ. ಹಾಗಲ್ಲ, ಅದು ಬರಿಯ ಟಿಪ್ಪಣಿಯ ಹಾಳೆ. ‘ಇಂಥ ಡ್ರೈವಿನ ಇಂಥ ಫೋಲ್ಡರಿನಲ್ಲಿರುವ ಇಂಥ ಚಿತ್ರವನ್ನು ಇಷ್ಟನೆಯ ಸೆಕೆಂಡಿನಿಂದ ಇಷ್ಟನೆಯ ಸೆಕೆಂಡಿನವರೆಗೆ ತೋರಿಸತಕ್ಕದ್ದು’ ಎಂದಷ್ಟೇ ಅದರಲ್ಲಿರುತ್ತದೆ. ಚಿತ್ರಗಳು ಗಿಗಾಬೈಟುಗಟ್ಟಲೆ ತೂಗಿದರೆ, ಈ ಫೈಲು ಸಾಮಾನ್ಯವಾಗಿ ಕೆಲವೇ ಮೆಗಾಬೈಟು.

ಇದನ್ನೆಲ್ಲ ಡಿಸ್ಕಿನ ಮೇಲೆ ಬರೆಯುವುದಕ್ಕೆ ‘ಬರ್ನ್ ಮಾಡುವುದು’, ಎಂದರೆ ಸುಡುವುದು, ಎನ್ನುತ್ತಾರೆ. ಹೆಸರು ಅಮಂಗಳವಾದರೂ ಕೆಲಸ ಮಂಗಳವೇ. ಆದರೆ ಫೋಲ್ಡರುಗಳನ್ನು ಬಿಟ್ಟು ಫೈಲುಗಳನ್ನು ಮಾತ್ರ ಆರಿಸಿ ಹಾಕಿದರೆ ಫಲವೂ ಹೆಸರಿಗೆ ತಕ್ಕಂತೆಯೇ ಆದೀತು.

ನಮ್ಮ ಬಳಗದ ಒಂದು ಮನೆಯಲ್ಲಿ ಹಾಗೆಯೇ ಆಯಿತು. 2011ರ ರಾಜ್ಯೋತ್ಸವದಲ್ಲಿ ಆ ಮನೆಯ ಅಜ್ಜಿಯವರು ವೇದಿಕೆಯ ಮೇಲೆ ಬೀಸುವ ಪದ ಹಾಡಿದ್ದರು. ಐದು ನಿಮಿಷದ ಹಾಡು. ಸಂಕಲನವಾದ ಚಿತ್ರದಲ್ಲಿ ನಲವತ್ತು ಸೆಕೆಂಡು ಮಾತ್ರ ಉಳಿದಿತ್ತು. ಅವರು ತೀರಿಕೊಂಡ ಮೇಲೆ ಮೊಮ್ಮಕ್ಕಳಿಗೆ ಪೂರ್ತಿ ಹಾಡು ಬೇಕೆನಿಸಿತು. ಡಿಸ್ಕು ಸಿಕ್ಕಿತು; ಅದರ ಮೇಲೆ ಒಂದು ಗೀರೂ ಇರಲಿಲ್ಲ. ಪ್ರಾಜೆಕ್ಟ್ ತೆರೆದರೆ ಚಿತ್ರಗಳಿರಬೇಕಾದಲ್ಲೆಲ್ಲ ‘ಫೈಲು ಸಿಗುತ್ತಿಲ್ಲ’ ಎಂಬ ಒಕ್ಕಣೆ!

ಅದಕ್ಕಿಂತ ಹೆಚ್ಚಿನ ಅನಾಹುತ ಇನ್ನೊಂದಿತ್ತು. ಅಂದು ಮೂರು ಕಾರ್ಡುಗಳಲ್ಲಿ ಚಿತ್ರಣ ನಡೆದಿತ್ತು. ಹೊಸ ಕಾರ್ಡು ಹಾಕಿದಾಗಲೆಲ್ಲ ಆ ಕ್ಯಾಮೆರಾ ಮತ್ತೆ 00000 ಎಂಬ ಅಂಕಿಯಿಂದಲೇ ಹೆಸರಿಡುತ್ತಿತ್ತು. ಬೇರೆ ಬೇರೆ ಫೋಲ್ಡರಿನಲ್ಲಿದ್ದಷ್ಟು ಕಾಲ ತಂಟೆಯಿಲ್ಲ; ಒಂದೇ ಹೆಸರಿನವರು ಬೇರೆ ಬೇರೆ ಮನೆಯಲ್ಲಿದ್ದಂತೆ. ಎಲ್ಲವನ್ನೂ ಒಂದೇ ಕಡೆ ಸುರಿದಾಗ ಕಂಪ್ಯೂಟರು ‘ಹಳೆಯದನ್ನು ತೆಗೆದು ಇದನ್ನಿಡಲೆ?’ ಎಂದು ಕೇಳಿತು. ಸುರಿದವರು ‘ಹೂಂ’ ಎಂದರು. ಅಜ್ಜಿಯವರ ಹಾಡಿನ ಜಾಗದಲ್ಲಿ ಯಾರದೋ ವಂದನಾರ್ಪಣೆ ಬಂದು ಕೂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಗೆ ಮಾಡಿದವರು ಅಜಾಗರೂಕರೇನಲ್ಲ. ಡಿಸ್ಕು ಒಪ್ಪವಾಗಿರಲಿ ಎಂಬುದೇ ಅವರ ಆಸೆಯಾಗಿತ್ತು.

ಹಾಗಾದರೆ ಮಾಡತಕ್ಕದ್ದೇನು? ಸಂಕಲನ ಶುರುವಾಗುವ ಮುಂಚೆಯೇ ಕಾರ್ಯಕ್ರಮದ ಹೆಸರಿನಲ್ಲಿ ಒಂದು ದೊಡ್ಡ ಫೋಲ್ಡರು ಮಾಡಿ, ಅದರೊಳಗೆ ಚಿತ್ರ, ಧ್ವನಿ, ಫೋಟೋ, ಫಾಂಟು, ಪ್ರಾಜೆಕ್ಟ್ ಎಂದು ಕೋಣೆಗಳನ್ನು ಮಾಡಿರಿ. ಎಲ್ಲಿಂದಲೋ ತಂದ ಹಾಡು, ಸಂಘದ ಲಾಂಛನ, ಇವೂ ಮೊದಲು ಈ ಮನೆಯೊಳಗೆ ಬಂದು ಆಮೇಲೆ ಸಂಕಲನಕ್ಕೆ ಹೋಗಲಿ. ಒಂದೊಂದು ಕಾರ್ಡಿಗೂ ಒಂದೊಂದು ಫೋಲ್ಡರಿರಲಿ, ಕಾರ್ಡನ್ನು ಇಡಿಯಾಗಿ ಪ್ರತಿ ಮಾಡಿರಿ. ಅದರೊಳಗಿನ ಸಣ್ಣಪುಟ್ಟ ಫೈಲುಗಳು ಕಸದಂತೆ ಕಂಡಾವು. ಆದರೆ ಉದ್ದನೆಯ ಚಿತ್ರಣವನ್ನು ಹಲವು ಕ್ಯಾಮೆರಾಗಳು ತುಂಡುತುಂಡಾಗಿ ಬರೆಯುತ್ತವೆ. ಆ ತುಂಡುಗಳನ್ನು ಸೇರಿಸುವ ಲೆಕ್ಕ ಇರುವುದು ಆ ಕಸದಲ್ಲಿಯೇ! ಸಂಕಲನದ ಪರದೆಯಲ್ಲಿ ‘ಬಿನ್’ಗಳೊಳಗೆ ಜೋಡಿಸಿದ್ದೇವಲ್ಲ ಎಂದು ಸುಮ್ಮನಿರಬೇಡಿ. ಅದು ಪರದೆಯ ಮೇಲಿನ ಜೋಡಣೆ, ಡ್ರೈವಿನ ಮೇಲಿನದಲ್ಲ.

ಕನ್ನಡಿಗರಿಗೆ ಬರುವ ಒಂದು ತೊಡಕೂ ಉಂಟು. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಅಕ್ಷರದ ರೂಪಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಲಾವಿದರ ಹೆಸರೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ನಿಲ್ಲುತ್ತವೆ. ಆದ್ದರಿಂದಲೇ ಫಾಂಟಿಗೂ ಒಂದು ಕೋಣೆ ಎಂದೆವು.

ಇನ್ನು ಸುಡುವ ಕಾರ್ಯ. ಡಿಸ್ಕು ‘ಡೇಟಾ ಡಿಸ್ಕ್’ ಆಗಬೇಕು, ‘ವಿಡಿಯೋ ಡಿ.ವಿ.ಡಿ.’ ಅಲ್ಲ. ಎರಡನೆಯದು ಟಿ.ವಿ.ಯಲ್ಲಿ ನೋಡುವುದಕ್ಕೆ ಸರಿ. ಮೂಲ ಫೈಲುಗಳು ಅದರಲ್ಲಿ ಉಳಿಯುವುದಿಲ್ಲ. ಬರೆಯುವ ತಂತ್ರಾಂಶಕ್ಕೆ ಎಲ್ಲಕ್ಕೂ ಮೇಲಿನ ಆ ದೊಡ್ಡ ಫೋಲ್ಡರನ್ನೇ ಎಳೆದು ಹಾಕಿರಿ, ಒಳಗಿನ ಫೈಲುಗಳನ್ನಲ್ಲ. ಫೈಲ್ ವ್ಯವಸ್ಥೆ ಯಾವುದೆಂದು ಅದು ಕೇಳಿದರೆ ಯು.ಡಿ.ಎಫ್. ಎಂಬುದನ್ನು ಆರಿಸಿರಿ. 1988ರ ಐ.ಎಸ್.ಓ. 9660 ಎಂಬ ಹಳೆಯ ಕಟ್ಟಳೆಯ ಬಿಗಿಯಾದ ರೂಪದಲ್ಲಿ ಹೆಸರಿಗೆ 8 ಅಕ್ಷರ, ಬಾಲಕ್ಕೆ 3 ಅಕ್ಷರ ಮಾತ್ರ. ಫೋಲ್ಡರಿನೊಳಗೆ ಫೋಲ್ಡರು 8 ಅಂತಸ್ತು ಮೀರುವಂತಿಲ್ಲ. ಕನ್ನಡ ಲಿಪಿಗಂತೂ ಜಾಗವೇ ಇಲ್ಲ. ಮುಂದೆ ಬಂದ ಜೋಲಿಯೆಟ್ ಎಂಬ ವಿಸ್ತರಣೆ 64 ಅಕ್ಷರಗಳವರೆಗೆ ಬಿಟ್ಟುಕೊಟ್ಟಿತು. ಹೆಸರು ಮೊಟಕಾಯಿತೆಂದರೆ ವಿಳಾಸ ತಪ್ಪಿತೆಂದೇ ಅರ್ಥ.

ಡಿ.ವಿ.ಡಿ.ಯ ಮೇಲೆ 4.7 ಗಿಗಾಬೈಟು ಎಂದಿರುತ್ತದೆ. ವಿಂಡೋಸಿನ ಲೆಕ್ಕದಲ್ಲಿ ಅದು ಸುಮಾರು 4.37. ಸಾವಿರದಿಂದ ಭಾಗಿಸುವವರಿಗೂ 1024ರಿಂದ ಭಾಗಿಸುವವರಿಗೂ ಇರುವ ವ್ಯತ್ಯಾಸ ಇದು. ಒಂದು ಡಿಸ್ಕಿನಲ್ಲಿ ಹಿಡಿಸದಿದ್ದರೆ ಒಳಗಿನ ಫೋಲ್ಡರಿನ ಗಡಿಯಲ್ಲಿಯೇ ಪಾಲು ಮಾಡಿರಿ. ಪ್ರತಿಯೊಂದು ಡಿಸ್ಕಿನಲ್ಲೂ ದೊಡ್ಡ ಫೋಲ್ಡರಿನ ಹೆಸರು ಅದೇ ಇರಲಿ. ಯಾವುದರಲ್ಲಿ ಏನಿದೆ ಎಂಬ ಪಟ್ಟಿಯೂ ಇರಲಿ. ಮುಂದೆ ಬೇಕಾದಾಗ ಎಲ್ಲ ಡಿಸ್ಕುಗಳನ್ನೂ ಡ್ರೈವಿನ ಒಂದೇ ಕಡೆಗೆ ಇಳಿಸಿಕೊಂಡರೆ ಮನೆ ಮೊದಲಿದ್ದಂತೆ ಎದ್ದು ನಿಲ್ಲುತ್ತದೆ.

ಕೊನೆಯದು ಪರೀಕ್ಷೆ. ಇಲ್ಲಿ ಒಂದು ಮೋಸವಿದೆ. ಮೂಲ ಫೋಲ್ಡರು ಅದೇ ಕಂಪ್ಯೂಟರಿನಲ್ಲಿರುವಾಗ ಡಿಸ್ಕಿನ ಪ್ರಾಜೆಕ್ಟನ್ನು ತೆರೆದರೆ, ಅದು ಸದ್ದಿಲ್ಲದೆ ಹಳೆಯ ವಿಳಾಸಕ್ಕೇ ಹೋಗಿ ಚಿತ್ರ ತಂದು ತೋರಿಸುತ್ತದೆ. ನಾವು ಡಿಸ್ಕು ಸರಿಯಾಗಿದೆಯೆಂದು ಹಿಗ್ಗುತ್ತೇವೆ! ಆದಕಾರಣ ಇನ್ನೊಬ್ಬರ ಕಂಪ್ಯೂಟರಿಗೆ ಪ್ರತಿ ಮಾಡಿಕೊಂಡು ತೆರೆಯಿರಿ. ಊರು ಬದಲಾಯಿತೆಂದು ‘ಫೈಲು ಎಲ್ಲಿ?’ ಎಂದು ಒಮ್ಮೆ ಕೇಳೀತು. ಒಂದನ್ನು ತೋರಿಸಿದರೆ ಸಾಕು. ಒಳಗಿನ ಏರ್ಪಾಡು ಮೊದಲಿನಂತೆಯೇ ಇದ್ದರೆ ಬಹಳಷ್ಟು ತಂತ್ರಾಂಶಗಳು ಉಳಿದದ್ದನ್ನು ತಾವೇ ಹುಡುಕಿಕೊಳ್ಳುತ್ತವೆ. ಊರು ಬಿಟ್ಟು ಬಂದ ನಾವೂ ಹಾಗೆಯೇ ಅಲ್ಲವೆ? ಬೀದಿ ಬದಲಾದರೂ ದೇವರ ಮನೆ ಎಲ್ಲಿ, ಅಡಿಗೆಮನೆ ಎಲ್ಲಿ ಎಂಬುದು ಗೊತ್ತಿದ್ದರೆ ಸಂಸಾರ ನಡೆಯುತ್ತದೆ.

ಡಿಸ್ಕಿನ ಕಾಲ ಇಳಿಮುಖವಾಗಿರುವುದು ನಿಜ. ಸೋನಿ ಕಂಪನಿ 2025ರ ಫೆಬ್ರವರಿಯಲ್ಲಿ ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ನಿಲ್ಲಿಸಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಗೂಡೇ ಅಪರೂಪ. ಅದಕ್ಕೇ ನಾವು ಅವಸರಪಡಿಸುತ್ತಿರುವುದು. ಯು.ಎಸ್.ಬಿ.ಗೆ ಜೋಡಿಸುವ ಡಿಸ್ಕ್ ಓದುಗ ಒಂದು ಸಂಘದಲ್ಲಿದ್ದರೆ ಹತ್ತು ಮನೆಗೆ ಸಾಕು. ಈ ರಜೆಯಲ್ಲಿ ಕಪಾಟಿನ ಡಿಸ್ಕುಗಳನ್ನು ಹೊರಗೆ ತೆಗೆಯಿರಿ. ಫೋಲ್ಡರನ್ನು ಬಿಚ್ಚದೆ ಇದ್ದಂತೆಯೇ ಹಾರ್ಡ್ ಡಿಸ್ಕಿಗೆ ಇಳಿಸಿ ತೆರೆದು ನೋಡಿರಿ. ಏನಾದರೂ ಸಿಗದೆ ಹೋದರೆ, ಅದನ್ನು ಚಿತ್ರಿಸಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಹೋಗಿ ಕೇಳಿರಿ. ಅವರ ಹಳೆಯ ಕಾರ್ಡಿನಲ್ಲಿ ಇದ್ದರೂ ಇದ್ದೀತು.