ತಗಡಿನ ಮನೆಗಳ ಲೆಕ್ಕ ಯಾರ ಬಳಿ ಇದೆ?

ವಿದ್ಯುತ್ತನ್ನು ಮಿತವಾಗಿ ಬಳಸಿರೆಂದು ಬಡವರಿಗೆ ಬುದ್ಧಿ ಹೇಳುವ ಮಹನೀಯರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಅವರಿಗೆ ನಮ್ಮದೊಂದು ಪ್ರಶ್ನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಪಟ್ಟಣಗಳಲ್ಲಿ ಶೀಟು ಹೊದಿಸಿದ ಮನೆಗಳೆಷ್ಟು, ಕಲ್ಲುಚಪ್ಪಡಿಯವೆಷ್ಟು, ಅವು ಯಾವ ಬೀದಿಯಲ್ಲಿವೆ? ಕಂದಾಯ ವಸೂಲಿಗೆ ಖಾತೆ ಇದೆ, ಬಿಲ್ಲು ಕೊಡಲು ಆರ್.ಆರ್. ನಂಬರು ಇದೆ. ಯಾವ ಮನೆ ಏಕೆ ಕಾಯುತ್ತದೆಂದು ತೋರಿಸುವ ನಕ್ಷೆ ಎಲ್ಲಿದೆ?

ಪಾವಗಡ ತಾಲೂಕಿನ ತಿರುಮಣಿ ಸುತ್ತಿನ ಐದು ಗ್ರಾಮಗಳ ರೈತರು ಸುಮಾರು 13,000 ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆ ಗುತ್ತಿಗೆ ಆರಂಭವಾಯಿತು. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಸೌರ ಪಾರ್ಕು 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿತು. ಅಲ್ಲಿ ಬಿಸಿಲಿಗೆ ಅಂಗುಲ ಅಂಗುಲಕ್ಕೂ ಲೆಕ್ಕ. ಅದೇ ಬಿಸಿಲು ಎಣ್ಣೆ ಗಿರಣಿಯ ಕೂಲಿಯವನ ತಗಡಿನ ಮೇಲೆ ಬಿದ್ದರೆ ಮಾತ್ರ ಲೆಕ್ಕವಿಲ್ಲ!

ಗೃಹಜ್ಯೋತಿ ಇದೆಯಲ್ಲ ಎನ್ನುವಿರಿ. 2023ರ ಜುಲೈನಿಂದ ಜಾರಿಗೆ ಬಂದ ಆ ಯೋಜನೆಯನ್ನು ನಾವು ಸ್ವಾಗತಿಸುತ್ತೇವೆ, ಹೀಯಾಳಿಸುವುದಿಲ್ಲ. ಆದರೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ತೆರಬೇಕು. ಅಂಗಡಿಯ ವಾಣಿಜ್ಯ ಮೀಟರಿಗೆ ಅದು ಅನ್ವಯಿಸುವುದೇ ಇಲ್ಲ. ಶೀಟಿನ ಕೆಳಗೆ ಬೆವರು ಒರೆಸುತ್ತ ಕುಳಿತ ಕಿರಾಣಿಯವನ ಗತಿ ಏನು? 75 ವಾಟಿನ ಹಳೆಯ ಫ್ಯಾನು ದಿನಕ್ಕೆ 12 ಗಂಟೆ ಬಿಸಿಗಾಳಿಯನ್ನೇ ತಿರುವಿದರೆ ತಿಂಗಳಿಗೆ 27 ಯೂನಿಟ್. 30 ವಾಟಿನ ಹೊಸ ಬಗೆಯ ಫ್ಯಾನಿಗೆ 11 ಸಾಕು. ಶೀಟಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿದರೆ ಒಳಗಿನ ಸೆಕೆ ತಗ್ಗುತ್ತದೆ. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ನೀತಿ ಹೊರಡಿಸಿತು. 2024ರ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಹಾಯಧನವಿದೆ, ಆದರೆ ಸ್ವಂತ ಛಾವಣಿ ಇದ್ದವರಿಗೆ. ಬಾಡಿಗೆಯವನಿಗೆ ಸೂರ್ಯನೂ ಪರಕೀಯ.

ಹಾಗಾದರೆ ಲೆಕ್ಕ ಬರೆಯುವವರಾರು? ನಾವೇ. 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ ಯಾವ ಕಂಪನಿಯ ಸ್ವತ್ತೂ ಅಲ್ಲ. ಕಟ್ಟಡದ ಅಂತಸ್ತು, ಛಾವಣಿಯ ಬಗೆ, ಬೀದಿಯ ಕನ್ನಡ ಹೆಸರು, ಎಲ್ಲವನ್ನೂ ಅದರಲ್ಲಿ ಯಾರು ಬೇಕಾದರೂ ಮೊಬೈಲಿನಿಂದಲೇ ಸೇರಿಸಬಹುದು. ಅದರ ಮೇಲೆ ದತ್ತಾಂಶ ಕಟ್ಟಿ ಪ್ರಕಟಿಸುವವನು ಅದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು.

ಇದು ಓದಿದವರ ಆಟಿಕೆ, ಉಪಗ್ರಹವೇ ನೋಡಿಕೊಳ್ಳುತ್ತದೆ ಎಂದು ನಮ್ಮಲ್ಲೇ ಕೆಲವರು ಮೂಗು ಮುರಿಯುತ್ತಾರೆ. ಉಪಗ್ರಹಕ್ಕೆ ಶೀಟು ಕಂಡೀತು; ಗೋಡೆಯಲ್ಲಿ ಕಿಟಕಿ ಇಲ್ಲದ್ದು ಕಂಡೀತೆ? ಒಂದೇ ಕೋಣೆಯಲ್ಲಿ ಆರು ಜನ ಮಲಗುವುದು ಕಂಡೀತೆ? ಅದು ಬೀದಿಯವರಿಗೆ ಗೊತ್ತು. ಆದರೆ ಎಚ್ಚರಿಕೆ ಇರಲಿ. ಎಲ್ಲರಿಗೂ ತೆರೆದ ನಕ್ಷೆ ಬಡ್ಡಿ ವ್ಯಾಪಾರಿಗೂ ತೆರೆದಿರುತ್ತದೆ. ಆದುದರಿಂದ ಅದರಲ್ಲಿ ಹೆಸರು ಬೇಡ, ಬಿಲ್ಲು ಬೇಡ, ಒಳಗೆ ಎಷ್ಟು ಜನರೆಂಬುದೂ ಬೇಡ. ಛಾವಣಿ ಬರೆದರೆ ಸಾಕು. ಉಳಿದದ್ದು ಬೀದಿಯ ಒಟ್ಟು ಲೆಕ್ಕವಾಗಿ ಸಂಘದ ಪುಸ್ತಕದಲ್ಲಿರಲಿ.

ಬೆಸ್ಕಾಂ ಬೀದಿವಾರು ಬಳಕೆಯ ಮೊತ್ತವನ್ನು, ಹೆಸರಿಲ್ಲದೆ, ಪ್ರಕಟಿಸಲಿ. ಶಿರಾ ನಗರಸಭೆಯೂ ಉಳಿದ ಮೂರು ಊರುಗಳ ಸ್ಥಳೀಯ ಸಂಸ್ಥೆಗಳೂ ಬರುವ ಬಜೆಟ್ಟಿನಲ್ಲಿ ಬಿಳಿ ಬಣ್ಣಕ್ಕೆ ಹಣ ತೆಗೆದಿಡಲಿ, ಬಾಡಿಗೆ ಮನೆಗಳಿಂದ ಮೊದಲುಮಾಡಲಿ. ಹಮಾಲಿ ಸಂಘಗಳೂ ಗಿರಣಿ ಸಂಘಗಳೂ ವರ್ತಕರೂ ವಾರ್ಡಿಗೆ ಇಬ್ಬರಂತೆ ಈ ತಿಂಗಳೇ ಆರಿಸಬೇಕು. ಬೇಸಿಗೆಗೆ ಮುಂಚೆ ಛಾವಣಿಗಳ ಎಣಿಕೆ ಮುಗಿಯಬೇಕು.