ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರಬೇಡಿ ಮಾರ್ರೆ

📌 1/6

ಫೈನಲ್ ಇಯರ್ ಬಿಸಿಎ, ಬಿಎಸ್ಸಿ ಐಟಿ, ಎಂಜಿನಿಯರಿಂಗ್‌ನ ಐಟಿ ಬ್ರಾಂಚ್, ಯಾವುದರಲ್ಲಿ ಇದ್ದರೂ ಈ ಸರಣಿ ನಿಮಗೇ. ಜೂನಿಯರ್ಸ್, ನೀವೂ ಸೇವ್ ಮಾಡಿ ಇಟ್ಕೊಳ್ಳಿ.

ಪ್ರಾಜೆಕ್ಟ್ ಸೆಮಿಸ್ಟರ್ ಶುರುವಾದ ಕೂಡಲೇ ಕ್ಲಾಸ್ ಗ್ರೂಪಿಗೆ ಒಂದು ಮೆಸೇಜ್ ಬಂದೇ ಬರ್ತದೆ. ಸೋರ್ಸ್ ಕೋಡ್, ರಿಪೋರ್ಟ್, ಪಿಪಿಟಿ ಎಲ್ಲ ಸೇರಿ ಇಷ್ಟು ರೂಪಾಯಿ. ಪಾರ್ಟ್ನರ್ ಜೊತೆ ಹಂಚಿಕೊಂಡ್ರೆ ಅರ್ಧ. ವೈವಾ ಪ್ರಶ್ನೆಗಳ ಪಟ್ಟಿ ಫ್ರೀ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ: ತಗೊಳ್ಬೇಡಿ. ನೀತಿಪಾಠ ಹೇಳ್ಲಿಕ್ಕೆ ಬಂದದ್ದಲ್ಲ. ಲೆಕ್ಕ ಹಾಕಿ ನೋಡಿದ್ರೆ ಲಾಸ್ ನಿಮಗೇ. ಇಡೀ ಡಿಗ್ರಿಯಲ್ಲಿ ನಾವು ಬರೆಯುವ ಪ್ರೋಗ್ರಾಮ್‌ಗಳನ್ನೆಲ್ಲ ಸಿಲೆಬಸ್ ಮೊದಲೇ ತೀರ್ಮಾನ ಮಾಡಿ ಇಟ್ಟಿರ್ತದೆ. ಲ್ಯಾಬ್ ಮ್ಯಾನ್ಯುವಲ್ ನೋಡಿ ಬರೀತೇವೆ, ಔಟ್‌ಪುಟ್ ಎಂತ ಬರಬೇಕು ಅಂತ ರನ್ ಮಾಡುವ ಮೊದಲೇ ಗೊತ್ತುಂಟು. ಎಂತ ಮಾಡಬೇಕು, ಯಾರಿಗೆ ಮಾಡಬೇಕು, ಯಾಕೆ ಮಾಡಬೇಕು ಅಂತ ನಾವೇ ಯೋಚಿಸುವ ಜಾಗ ಪ್ರಾಜೆಕ್ಟ್ ಒಂದೇ. ಅದನ್ನೂ ಅಂಗಡಿಯಿಂದ ತಂದ್ರೆ ಆ ಡಿಗ್ರಿಯಲ್ಲಿ ನಮ್ಮದು ಅಂತ ಎಂತ ಉಳೀತದೆ?

📌 2/6

"ನಾವು ಬರೀ ಬಿಸಿಎ, ನಮ್ಮ ಪ್ರಾಜೆಕ್ಟ್ ಯಾರು ನೋಡ್ತಾರೆ?"

ಈ ಮಾತು ಉಡುಪಿ ಕಡೆ ಸ್ವಲ್ಪ ಜಾಸ್ತಿಯೇ ಕೇಳ್ತದೆ. ಕಾರಣ ಉಂಟು. ಮಣಿಪಾಲದ ಎಂಐಟಿ 1957ರಿಂದ ಉಂಟು, ಕಾರ್ಕಳ ತಾಲೂಕಿನ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜು 1986ರಿಂದ, ಕಾಪು ಕಡೆ ಬಂಟಕಲ್ಲಿನದ್ದು 2010ರಿಂದ. ಡಿಗ್ರಿ ಕಾಲೇಜಿಗೆ ಹೋಗುವವರು ಇವರ ಜೊತೆಗೇ ಬಸ್ಸಿನಲ್ಲಿ ನಿಂತು ಹೋಗ್ತಾರೆ. ಹೋಲಿಕೆ ಬೇಡ ಅಂದ್ರೂ ಬರ್ತದೆ. ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೇ ತಂತು, ಅದೇ ವರ್ಷ ಬಿಸಿಎ ಎಐಸಿಟಿಇ ವ್ಯಾಪ್ತಿಗೆ ಹೋಯ್ತು. ಇಷ್ಟೆಲ್ಲ ಆದ್ರೂ ಮನೆಗೆ ಬಂದ ನೆಂಟರು ಕೇಳುವುದು ಒಂದೇ: "ಎಂಜಿನಿಯರಿಂಗ್ ಸಿಗ್ಲಿಲ್ವಾ?"

ಫೀಸಿನಲ್ಲಿ, ಲ್ಯಾಬಿನಲ್ಲಿ, ಕ್ಯಾಂಪಸ್‌ಗೆ ಬರುವ ಕಂಪನಿಗಳಲ್ಲಿ ವ್ಯತ್ಯಾಸ ಉಂಟು, ಸುಳ್ಳು ಹೇಳುವುದಿಲ್ಲ. ಆದ್ರೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರ ಪಾಠ ನಿಮಗೂ ಫ್ರೀ, ಅವರಿಗೂ ಫ್ರೀ. ಗಿಟ್‌ಹಬ್ ಖಾತೆ ತೆರೆಯುವಾಗ ಯಾವ ಕಾಲೇಜು ಅಂತ ಯಾರೂ ತಡೆಯುವುದಿಲ್ಲ. "ಒಳ್ಳೆ ಕೆಲಸ ಬೆಂಗಳೂರಿನಲ್ಲಿ ಮಾತ್ರ" ಅನ್ನುವವರಿಗೆ ಒಂದು ಹೆಸರು: ರೋಬೋಸಾಫ್ಟ್. 1996ರಲ್ಲಿ ಶುರುವಾದದ್ದು ಇದೇ ಉಡುಪಿಯಲ್ಲಿ.

ಹಾಗಾದ್ರೆ ಸ್ವಂತ ಪ್ರಾಜೆಕ್ಟ್ ಅಂದ್ರೆ ಎಂಥದ್ದು? ಈಗ ಫೋಟೋಕ್ಕೆ ಬರುವ.

📌 3/6

ಫೋಟೋದಲ್ಲಿರುವುದು ಶಂಕರಪುರ ಮಲ್ಲಿಗೆ. ಕಾಪು ತಾಲೂಕಿನ ಶಂಕರಪುರದ ಸುತ್ತಮುತ್ತ ಮನೆಯ ಹಿತ್ತಿಲಲ್ಲೇ ಬೆಳೆಸಿ, ಬೆಳಿಗ್ಗೆ ಕೊಯ್ದು, ಕಟ್ಟಿ ಕೊಡ್ತಾರೆ. ಉಡುಪಿ ಮಲ್ಲಿಗೆ ಅಂತ ಜಿಐ ಟ್ಯಾಗ್ ಕೂಡ ಉಂಟು. 800 ಹೂವಿಗೆ 1 ಚೆಂಡು, 4 ಚೆಂಡಿಗೆ 1 ಅಟ್ಟೆ. ಹೂ ಕೊಡುವ ಮನೆಯವರಿಗೆ ಲೆಕ್ಕ ಇಡುವ ಒಂದು ಸಣ್ಣ ಆ್ಯಪ್ ಮಾಡುವ ಅಂತ ಕೂತುಕೊಳ್ಳಿ. ಎಷ್ಟು ಕಲೀತೀರಿ ನೋಡಿ.

ಒಂದು: 2 ಅಟ್ಟೆ 3 ಚೆಂಡನ್ನು ಡೇಟಾಬೇಸ್‌ನಲ್ಲಿ 2.3 ಅಂತ ಹಾಕಿದ್ರೆ ಲೆಕ್ಕ ಕೆಟ್ಟಿತು. ಅದು 2.75. ಹಾಗಾಗಿ ಸಣ್ಣ ಅಳತೆಯಲ್ಲೇ ಪೂರ್ಣ ಸಂಖ್ಯೆ ಇಡಬೇಕು: 11 ಚೆಂಡು. ಅಟ್ಟೆಗೆ 1,000 ರೂಪಾಯಿ ಇದ್ದ ದಿನ ಚೆಂಡಿಗೆ 250, ಒಟ್ಟು 2,750. ಹಣವನ್ನು ಫ್ಲೋಟ್‌ನಲ್ಲಿ ಇಡದೆ ಪೈಸೆ ಲೆಕ್ಕದಲ್ಲಿ ಇಂಟಿಜರ್ ಆಗಿ ಇಡಿ ಅಂತ ಹೇಳ್ತಾರಲ್ಲ, ಅದೂ ಇದೇ ಪಾಠ.

ಎರಡು: ರೇಟ್ ದಿನಕ್ಕೊಂದು. ಮದುವೆ ಸೀಸನ್‌ನಲ್ಲಿ ಒಂದು, ಮಳೆಗಾಲದಲ್ಲಿ ಇನ್ನೊಂದು. ಒಂದೇ ಜಾಗದಲ್ಲಿ ರೇಟ್ ಇಟ್ಟು ದಿನಾ ಬದಲಾಯಿಸಿದ್ರೆ ಇವತ್ತಿನ ರೇಟ್ ಹಾಕಿದ ಕೂಡಲೇ ಕಳೆದ ತಿಂಗಳ ಲೆಕ್ಕವೂ ಬದಲಾಗಿ ಹೋಗ್ತದೆ. ತಾರೀಕು ಹಾಕಿ ರೇಟಿಗೆ ಬೇರೆಯೇ ಟೇಬಲ್ ಬೇಕು. ಡಿಬಿಎಂಎಸ್ ಪೇಪರಿಗೆ ಬಾಯಿಪಾಠ ಮಾಡಿದ ಪ್ರೈಮರಿ ಕೀ, ಫಾರಿನ್ ಕೀ ಯಾಕೆ ಬೇಕು ಅಂತ ಇಲ್ಲಿ ಅರ್ಥ ಆಗ್ತದೆ.

ಮೂರು: ಬಳಸುವವರು ಯಾರು? ಹೂ ಕಟ್ಟುವ ಅಮ್ಮ, ಅಜ್ಜಿ. ಅವರ ಹತ್ರ ಯೂಸರ್‌ನೇಮ್, ಪಾಸ್‌ವರ್ಡ್, ಕ್ಯಾಪ್ಚಾ ಕೇಳಿದ್ರೆ "ನಂಗೆ ನನ್ನ ಪುಸ್ತಕವೇ ಸಾಕು ಮಗಾ" ಅಂತ ಹೇಳ್ತಾರೆ. ದೊಡ್ಡ ಅಂಕಿ, ಕನ್ನಡ ಅಕ್ಷರ, ನೆಟ್ ಇಲ್ಲದಾಗಲೂ ನಡೆಯಬೇಕು. ಯಾವ ಕಾಲಂ ಬೇಕು ಅಂತ ಅವರ ಲೆಕ್ಕದ ಪುಸ್ತಕವೇ ಹೇಳ್ತದೆ.

ವೈವಾದಲ್ಲಿ "ಇಂಟಿಜರ್ ಯಾಕೆ ತಗೊಂಡ್ರಿ?" ಅಂತ ಕೇಳಿದ್ರೆ ಈಗ ಪಟ್ಟಿ ನೋಡಿ ಓದಬೇಕಾ? ಬೇಡ. ಚೆಂಡು, ಅಟ್ಟೆ ಅಂತ ಹೇಳಿದ್ರೆ ಎಕ್ಸಾಮಿನರ್ ಕೂಡ ಪೆನ್ ಕೆಳಗಿಟ್ಟು ಕೇಳ್ತಾರೆ.

📌 4/6

"ಚಾಟ್‌ಜಿಪಿಟಿ ಹತ್ರ ಕೇಳಿದ್ರೆ ಇದೆಲ್ಲ ಐದು ನಿಮಿಷದ ಕೆಲಸ."

ಒಪ್ಪಿದೆ. ಕೋಡ್ ಬರೀತದೆ, ಚೆಂದ ಮಾಡಿಯೂ ಬರೀತದೆ. ಆದ್ರೆ ಈ ಮನೆಯಲ್ಲಿ ಲೆಕ್ಕ ಹೇಗೆ ಬರೀತಾರೆ, ಎಲ್ಲಿ ತಪ್ಪು ಆಗ್ತದೆ, ಅಜ್ಜಿಗೆ ಯಾವ ಅಂಕಿ ಮೊದಲು ಕಾಣಬೇಕು ಅಂತ ನೀವು ಹೋಗಿ ಕೂತು ಕೇಳಿ ಹೇಳದೆ ಅದಕ್ಕೆ ಗೊತ್ತಾಗುವುದಿಲ್ಲ. ಕೋಡ್ ಅಗ್ಗ ಆದಷ್ಟೂ ಎಂತ ಕೇಳಬೇಕು ಅಂತ ಗೊತ್ತಿರುವವರಿಗೆ ಬೆಲೆ ಜಾಸ್ತಿ. ಖರೀದಿ ಮಾಡಿದವರಿಗೆ ಆ ಅಭ್ಯಾಸವೇ ಆಗಿರುವುದಿಲ್ಲ. ನಿಮಗೆ ಮಾರುವವನೂ ಅದೇ ಎಐ ಬಳಸಿದ್ರೆ? ನೀವು ದುಡ್ಡು ಕೊಟ್ಟದ್ದು ಎಂತಕ್ಕೆ?

ಎಐ ಬಳಸಿ, ನಾನು ಬೇಡ ಅನ್ನುವುದಿಲ್ಲ. ಒಂದೇ ಷರತ್ತು: ವಿವರಿಸ್ಲಿಕ್ಕೆ ಆಗದ ಒಂದು ಸಾಲನ್ನೂ ಸಬ್ಮಿಟ್ ಮಾಡಬೇಡಿ.

ಸಿಲೆಬಸ್ ಕೊಡದ ಪ್ರಶ್ನೆಯನ್ನು ತಾವೇ ಹಿಡಿದವರು ನಮ್ಮ ಕರಾವಳಿಯಲ್ಲೇ ಇದ್ದಾರೆ. ನುಡಿಯಲ್ಲಿ ಟೈಪ್ ಮಾಡುವಾಗ ಕೆ ಒತ್ತಿದ್ರೆ ಕ, ಶಿಫ್ಟ್ ಹಿಡಿದು ಒತ್ತಿದ್ರೆ ಖ ಬರ್ತದಲ್ಲ, ಆ ಕೀಲಿಮಣೆಯ ಹಿಂದಿರುವ ಹೆಸರು ಕೆ.ಪಿ. ರಾವ್. ಪೂರ್ತಿ ಹೆಸರು ಕಿನ್ನಿಕಂಬಳ ಪದ್ಮನಾಭ ರಾವ್, ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ನಮ್ಮ ಭಾಷೆಯನ್ನು ಸುಲಭವಾಗಿ ಟೈಪ್ ಮಾಡುವುದು ಹೇಗೆ? ಪ್ರಶ್ನೆ ಸಣ್ಣದು, ಉತ್ತರ ಇಡೀ ರಾಜ್ಯಕ್ಕೆ ಸಿಕ್ಕಿತು.

📌 5/6

"ನಂಗೆ ಐಡಿಯಾ ಬರುವುದಿಲ್ಲ" ಅನ್ನುವವರಿಗೆ, ಊರು ಊರಿನ ಲೆಕ್ಕದಲ್ಲಿ:

🚌 ಉಡುಪಿ: ನಿಮ್ಮ ಸ್ಟಾಪಿಗೆ ಬರುವ ಪ್ರೈವೇಟ್ ಬಸ್ಸುಗಳ ಟೈಮಿಂಗ್. ಇಡೀ ಜಿಲ್ಲೆಯದ್ದು ಬೇಡ, ಒಂದು ಸ್ಟಾಪಿನದ್ದು ಸಾಕು. ಕಂಡಕ್ಟರ್ ಹತ್ರ ಕೇಳಿ ಬರೀರಿ, ಕೊನೇ ಬಸ್ ತಪ್ಪಬಾರದು.

🏥 ಮಣಿಪಾಲ: ಆಸ್ಪತ್ರೆಗೆ ಶಿವಮೊಗ್ಗ, ದಾವಣಗೆರೆ ಕಡೆಯಿಂದ ಬರುವವರ ಜೊತೆಗಾರರಿಗೆ ಕಡಿಮೆ ಖರ್ಚಿನ ಊಟ, ರೂಮು, ವಾಪಸ್ ಬಸ್ಸು ಎಲ್ಲಿ ಅಂತ ಕನ್ನಡದಲ್ಲಿ ಒಂದೇ ಪುಟ.

🐟 ಕಾಪು, ಮಲ್ಪೆ: ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಆ ಹೊತ್ತಿನಲ್ಲಿ ಬೋಟಿನ ರಿಪೇರಿ ಖರ್ಚು, ಸೀಸನ್ ಶುರುವಾದ ಮೇಲೆ ಕೆಲಸದವರ ಪಾಲು, ಎರಡಕ್ಕೂ ಲೆಕ್ಕ.

🗿 ಕಾರ್ಕಳ: 1432ರ ಗೊಮ್ಮಟ, 1586ರ ಚತುರ್ಮುಖ ಬಸದಿ. ನೆಟ್ ಇಲ್ಲದೆ ಫೋನಿನಲ್ಲಿ ಕೇಳಬಹುದಾದ ಗೈಡ್, ತುಳು, ಕೊಂಕಣಿ, ಕನ್ನಡ ಮೂರರಲ್ಲೂ, ನಿಮ್ಮದೇ ಧ್ವನಿಯಲ್ಲಿ.

⌨️ ಸ್ವಲ್ಪ ಧೈರ್ಯ ಇರುವವರಿಗೆ: 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಅದಕ್ಕೊಂದು ಕೀಬೋರ್ಡ್, ಕನ್ನಡ ಲಿಪಿಯಿಂದ ಅದಕ್ಕೆ ಬದಲಾಯಿಸುವ ಟೂಲ್ ಮಾಡಿ ನೋಡಿ.

ಇದರಲ್ಲಿ ಯಾವುದಕ್ಕೂ ರಾಕೆಟ್ ವಿಜ್ಞಾನ ಬೇಡ. ಮೂರು ಸ್ಕ್ರೀನ್, ನಾಲ್ಕು ಟೇಬಲ್, ನಿಜವಾಗಿ ಬಳಸುವ ಒಬ್ಬ ಮನುಷ್ಯ. ಅಷ್ಟು ಸಾಕು.

📌 6/6

ಈಗ ಇನ್ನೊಂದು ಕಡೆಯ ಮಾತು. ಖರೀದಿ ಮಾಡುವವರೆಲ್ಲ ಸೋಮಾರಿಗಳಲ್ಲ. ಸಂಜೆ ಅಂಗಡಿಯಲ್ಲಿ, ವಾರದ ಕೊನೆಗೆ ಮದುವೆ ಹಾಲಿನ ಕ್ಯಾಟರಿಂಗ್‌ನಲ್ಲಿ ದುಡಿದು ಫೀಸ್ ಕಟ್ಟುವವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಪ್ರಾಜೆಕ್ಟನ್ನು ಸಣ್ಣದು ಮಾಡಿ, ಬೇರೆಯವರದ್ದು ಮಾಡಬೇಡಿ. ಕ್ಯಾಟರಿಂಗ್‌ನ ಹಾಜರಿ, ಸಂಬಳದ ಲೆಕ್ಕವೇ ಒಂದು ಪ್ರಾಜೆಕ್ಟ್. ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು?

ಸರ್, ಮೇಡಂ, ನಿಮ್ಮಲ್ಲಿ ಒಂದು ಮನವಿ. ಒಬ್ಬೊಬ್ಬರು ಅಷ್ಟೊಂದು ತಂಡಗಳನ್ನು ನೋಡಬೇಕು, ಕಷ್ಟ ಅರ್ಥ ಆಗ್ತದೆ. ಆದ್ರೆ ಮಾರ್ಕ್ಸ್ ಎಲ್ಲ ದಪ್ಪ ರಿಪೋರ್ಟಿಗೆ, ಬೈಂಡಿಂಗ್ ಮೇಲಿನ ಬಂಗಾರದ ಅಕ್ಷರಕ್ಕೆ ಹೋದ್ರೆ ಅಂಗಡಿಯವನೇ ಗೆಲ್ತಾನೆ. ಪುಟ ಎಣಿಸುವ ಬದಲು ಗಿಟ್‌ನ ಕಮಿಟ್ ಹಿಸ್ಟರಿ ತೆರೆಸಿ. ಮೂರು ತಿಂಗಳು ದಿನಾ ಸ್ವಲ್ಪ ಸ್ವಲ್ಪ ಮಾಡಿದವರದ್ದು ಮತ್ತು ಕೊನೇ ರಾತ್ರಿ ಒಂದೇ ಸಲ ಅಪ್‌ಲೋಡ್ ಮಾಡಿದವರದ್ದು ನೋಡಿದ ಕೂಡಲೇ ಗೊತ್ತಾಗ್ತದೆ. ವೈವಾದಲ್ಲಿ ಒಂದು ಸಣ್ಣ ಬದಲಾವಣೆ ಅಲ್ಲೇ ಮಾಡಿ ತೋರಿಸಿ ಅಂತ ಹೇಳಿ. ಆ ಒಂದು ಪ್ರಶ್ನೆ ಬಂದ್ರೆ ಈ ಮಾರ್ಕೆಟ್ ಅರ್ಧ ಬಂದ್ ಆಗ್ತದೆ.

ಮತ್ತೆ ನೀವು: ಈ ವಾರ ಒಬ್ಬರ ಲೆಕ್ಕದ ಪುಸ್ತಕ ಕೇಳಿ ನೋಡಿ. ಹೂವಿನವರು, ಬೋಟಿನವರು, ಹಾಲಿನ ಡೇರಿಯವರು, ಯಾರದ್ದಾದರೂ ಸರಿ. ಅವರಿಗೆ ದಿನಾ ಕಿರಿಕಿರಿ ಮಾಡುವ ಒಂದು ವಿಷಯ ಕಾಮೆಂಟ್‌ನಲ್ಲಿ ಬರೀರಿ, ಊರಿನ ಹೆಸರು ಸಮೇತ. ಪ್ರಾಜೆಕ್ಟ್ ಪಾರ್ಟ್ನರನ್ನು ಟ್ಯಾಗ್ ಮಾಡಿ. ಆ ಗ್ರೂಪಿನ ಮೆಸೇಜಿಗೆ ರಿಪ್ಲೈ ಮಾಡುವ ಮೊದಲೇ ಮಾಡಿ.

#ಬಿಸಿಎ #ಐಟಿ #ಫೈನಲ್_ಇಯರ್ #ಉಡುಪಿ #ಮಣಿಪಾಲ #ಕಾಪು #ಕಾರ್ಕಳ #ಶಂಕರಪುರ_ಮಲ್ಲಿಗೆ