ಗಾಡಿ ಮಾರಿದ್ರಾ? ಆರ್‌ಸಿ ಯಾರ ಹೆಸರಲ್ಲಿದೆ?

ಹೋದ ತಿಂಗಳು ನಮ್ಮ ಮನೆಯ ಫೋರ್‌ವೀಲ್ ಡ್ರೈವ್ ಬೊಲೆರೊ ಮಾರಿದೆ. ಬ್ರೋಕರ್ ಇಲ್ಲ, ನೇರ ವ್ಯಾಪಾರ. ಸರ್ವೀಸ್ ಬಿಲ್‌ಗಳನ್ನೆಲ್ಲ ಜೋಪಾನ ಮಾಡಿದ್ದಕ್ಕೆ ಒಳ್ಳೆ ರೇಟೇ ಸಿಕ್ತು.

ಆದರೆ ಕೆಂಚಾರ್ಲಹಳ್ಳಿ ಕಡೆ ‘ನಮ್ಮೋರೇ ಅಲ್ವಾ’ ಅಂತ ಬಾಂಡ್ ಪೇಪರ್‌ಗೆ ಸಹಿ ಹಾಕಿಸಿ ಕೀ ಕೊಟ್ಟುಬಿಡ್ತಾರೆ. ಇದು ತಪ್ಪು. ಗಾಡಿ ಎಷ್ಟು ಕೈ ಬದಲಾದರೂ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರೋನೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಇನ್ಶೂರೆನ್ಸ್ ಮುಗಿದಿದ್ದರೆ ನಿಮ್ಮ ಜಮೀನಿಗೇ ಕುತ್ತು.

ಸಾಲವಿದ್ದರೆ ಮೊದಲು ತೀರಿಸಿ, ಫಾರಂ 35 ತಗೊಳ್ಳಿ. ಫಾರಂ 29, 30ಕ್ಕೆ ಸಹಿ ಆಗಲಿ. 14 ದಿನದೊಳಗೆ ಆರ್‌ಟಿಒಗೆ ತಿಳಿಸಿ. ಕೊಳ್ಳೋರು ಆಂಧ್ರದವರಾದರೆ ಆರ್‌ಟಿಒ ಎನ್‌ಒಸಿಯೂ ಬೇಕು.

ಅರ್ಜಿ ಹಾಕಿದ ಮೇಲೇ ಕೀ ಕೊಡಿ. ಇದರಲ್ಲಿ ದಾಕ್ಷಿಣ್ಯ ಬೇಡ.